ನಡುಕಕ್ಕೊಂದು ಹೆಸರು

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಬೆರಳಿಗೆ ಬಿಡುವೆಂಬುದಿಲ್ಲ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರತೊಡಗಿತೆಂದರೆ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಾರೆ. ಬೆರಳು ಉರಿಯುತ್ತಿದ್ದರೂ ಕೈ ನಿಲ್ಲುವುದಿಲ್ಲ. ರಾಣೆಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ ಹತ್ತಿಯ ಮೊಗ್ಗನ್ನು ಉಗುರಿನಿಂದ ಬಿಡಿಸಿ, ಒಳಗಿನ ಕೇಸರ ತೆಗೆದು, ಮರುದಿನ ಬೇರೆ ಹೂವಿನ ಪರಾಗ ಮುಟ್ಟಿಸುವ 'ಕ್ರಾಸಿಂಗ್' ಕೆಲಸವನ್ನು ಹೆಚ್ಚಾಗಿ ಮಾಡುವವರು ಹೆಂಗಸರೇ. ಹಾವೇರಿಯ ಏಲಕ್ಕಿ ಮಾಲೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದನ್ನು ಪೋಣಿಸಿದ ಬೆರಳು ಎಷ್ಟು ಸ್ಥಿರವಾಗಿರಬೇಕೆಂಬುದು ತಿಳಿಯುತ್ತದೆ. ಇನ್ನು ನನ್ನಂಥ ಶಾಲೆಯ ಅಕ್ಕೋರುಗಳದು ಸೀಮೆಸುಣ್ಣ ಹಿಡಿದ ಕೈ. ಇಂಥ ಊರುಗಳಲ್ಲಿ ಒಬ್ಬಾಕೆಯ ಕೈ ನಡುಗತೊಡಗಿದರೆ ಏನಾಗುತ್ತದೆ? ಆಕೆ ಮೊದಲು ದವಾಖಾನೆಗೆ ಹೋಗುವುದಿಲ್ಲ. ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ.

ನನ್ನ ತಾಯಿಯ ಅಕ್ಕ, ಬ್ಯಾಡಗಿಯ ದೊಡ್ಡವ್ವ, ಹಾಗೆ ಮುಚ್ಚಿಟ್ಟುಕೊಂಡೇ ಇಪ್ಪತ್ತು ವರ್ಷ ಕಳೆದಳು. ಮಡಿಲಲ್ಲಿಟ್ಟಾಗ ಸುಮ್ಮನಿರುತ್ತಿದ್ದ ಅವಳ ಕೈ ಏನನ್ನಾದರೂ ಎತ್ತಿದ ಕೂಡಲೇ ನಡುಗುತ್ತಿತ್ತು. ಕಪ್ಪು-ಬಸಿಯಲ್ಲಿ ಚಹಾ ಕೊಟ್ಟರೆ ಬಸಿ ಗಲಗಲ ಸದ್ದು ಮಾಡುತ್ತಿತ್ತು. ಅದಕ್ಕೇ ನಾಲ್ಕು ಜನರೆದುರು ಚಹಾ ಕುಡಿಯುವುದನ್ನು ಬಿಟ್ಟಳು. ಆಮೇಲೆ ಅರಿಷಿಣ-ಕುಂಕುಮಕ್ಕೆ ಹೋಗುವುದನ್ನೂ ಬಿಟ್ಟಳು. "ಕುಂಕುಮ ಹಚ್ಚಾಕ ಹೋದರ ಹುಬ್ಬಿಗೆ ಇಳೀತೈತಿ, ನಾಲ್ಕು ಮಂದಿ ನಗತಾರ" ಎನ್ನುತ್ತಿದ್ದಳು. ವಯಸ್ಸಾಯಿತು ಎಂದರು ಕೆಲವರು. ಅಂಜುಬುರುಕಿ ಎಂದರು ಮತ್ತೆ ಕೆಲವರು. ಮೈಮೇಲೆ ದೇವರು ಬರುವ ಮುನ್ಸೂಚನೆ ಎಂದವರೂ ಇದ್ದರು. ಆದರೆ "ನಿನ್ನ ಕೈ ಯಾವಾಗ ನಡುಗುತ್ತದೆ, ಯಾವಾಗ ನಡುಗುವುದಿಲ್ಲ?" ಎಂದು ಆಕೆಯನ್ನು ಕೇಳಿದವರು ಯಾರೂ ಇರಲಿಲ್ಲ. 1996ರಲ್ಲಿ ಅವಳು ತೀರಿಕೊಂಡಳು. ಅವಳ ನಡುಕಕ್ಕೆ ಹೆಸರೊಂದು ಸಿಗಲೇ ಇಲ್ಲ.

ನಾನು ವೈದ್ಯಳಲ್ಲ, ಇತಿಹಾಸ ಕಲಿಸುವವಳು. ಹಾಗಾಗಿ ನಡುಕಕ್ಕೂ ಒಂದು ಇತಿಹಾಸವಿದೆಯೆಂದು ತಿಳಿದಾಗ ನನಗೆ ಕುತೂಹಲ ಹುಟ್ಟಿತು. ಓದುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಈ ಚರಿತ್ರೆಯಲ್ಲಿ ಔಷಧ, ಶಸ್ತ್ರಚಿಕಿತ್ಸೆ, ವಿದ್ಯುತ್ತು ಎಲ್ಲವೂ ಆಮೇಲೆ ಬಂದವು. ಮೊದಲು ಬಂದದ್ದು ಒಂದು ನಡುಕವನ್ನು ಇನ್ನೊಂದರಿಂದ ಬೇರೆಮಾಡಿ ನೋಡಿದ ಕಣ್ಣು.

ನಮ್ಮ ಆಯುರ್ವೇದದವರು ವೇಪಥು, ಕಂಪವಾತ ಎಂಬ ಹೆಸರುಗಳನ್ನು ಬಹು ಹಿಂದೆಯೇ ಇಟ್ಟಿದ್ದರು. ಪಶ್ಚಿಮದಲ್ಲಿ 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯ ಕೇವಲ ಆರು ಮಂದಿಯ ನಡುಕವನ್ನು ಕುರಿತು ಸಣ್ಣದೊಂದು ಪುಸ್ತಕ ಬರೆದ. ಆ ಆರು ಜನರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ಕೈ ಸುಮ್ಮನೆ ಬಿಟ್ಟುಕೊಂಡಾಗ ನಡುಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ದೇಹ ಮುಂದಕ್ಕೆ ಬಾಗುತ್ತದೆ ಎಂಬುದನ್ನೆಲ್ಲ ಗಮನಿಸಿ ಬರೆದಿಟ್ಟ. ಮುಂದೆ ಆ ರೋಗಕ್ಕೆ ಅವನ ಹೆಸರೇ ನಿಂತಿತು. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನಡುಕವಿದೆ. ಅದರಲ್ಲಿ ಕೈ ವಿಶ್ರಾಂತಿಯಲ್ಲಿ ಸುಮ್ಮನಿದ್ದು, ಕೆಲಸಕ್ಕೆ ಎತ್ತಿದಾಗ ನಡುಗುತ್ತದೆ. ಎಷ್ಟೋ ವೇಳೆ ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಬರುತ್ತದೆ. ಇದನ್ನು 'ಎಸೆನ್ಷಿಯಲ್ ಟ್ರೆಮರ್' ಎನ್ನುತ್ತಾರೆ. ಪಾರ್ಕಿನ್‌ಸನ್ನಿಗಿಂತ ಹೆಚ್ಚು ಜನರಲ್ಲಿ ಕಾಣುವ ನಡುಕವೆಂದರೆ ಇದೇ. ದೊಡ್ಡವ್ವನ ಬಸಿಯ ಸದ್ದು ನೆನಪಾದಾಗ ಅವಳದು ಇದೇ ಇದ್ದೀತು ಎನ್ನಿಸುತ್ತದೆ.

ಈ ಎರಡರಾಚೆ ಅಪರೂಪದ ನಡುಕಗಳು ಹಲವಿವೆ. ಕುಳಿತಾಗ, ಮಲಗಿದಾಗ ಏನೂ ಇಲ್ಲ. ಎದ್ದು ನಿಂತ ಕೂಡಲೇ ಕಾಲು ನಡುಗಿ ಬೀಳುವೆನೇನೋ ಎಂಬ ಭಯ. ಇಂಥವರನ್ನು 1984ರಲ್ಲಿ ಅಮೆರಿಕದ ಕೆನೆತ್ ಹೈಲ್‌ಮನ್ ಎಂಬ ವೈದ್ಯ ಗುರುತಿಸಿದ. ಆ ನಡುಕ ಸೆಕೆಂಡಿಗೆ 13ರಿಂದ 18 ಸಲ, ಕಣ್ಣಿಗೆ ಕಾಣದಷ್ಟು ವೇಗ. ಆದರೆ ಕಾಲಿನ ಸ್ನಾಯುವಿನ ಮೇಲೆ ಸ್ಟೆಥಾಸ್ಕೋಪ್ ಇಟ್ಟರೆ ದೂರದಲ್ಲಿ ಹೆಲಿಕಾಪ್ಟರ್ ಹಾರಿದಂಥ ಸದ್ದು ಕೇಳುತ್ತದಂತೆ! ಸಾಲಿನಲ್ಲಿ ನಿಲ್ಲಲಾರೆ ಎಂದು ಗೋಳಾಡುವ ಸೊಸೆಯನ್ನು "ಸೋಗು" ಎಂದು ಗದರುವ ಮುನ್ನ ಇಂಥದೂ ಒಂದಿದೆಯೆಂದು ನೆನೆಯಬೇಕಲ್ಲವೆ?

ಇನ್ನೊಂದು ಅಪರೂಪದ್ದು, ಬರೆಯುವಾಗ ಮಾತ್ರ ಬರುವ ನಡುಕ. 1979ರಲ್ಲಿ ಲಂಡನ್ನಿನ ರಾತ್‌ವೆಲ್, ಟ್ರಾಬ್ ಮತ್ತು ಮಾರ್ಸ್‌ಡೆನ್ ಎಂಬ ಮೂವರು ಇದನ್ನು ಮೊದಲು ವಿವರಿಸಿದರು. ಬರೆಯಲೆಂದು ಮುಂಗೈಯನ್ನು ಒಳಮಗ್ಗುಲಿಗೆ ಹೊರಳಿಸಿದ ಕೂಡಲೇ ನಡುಕ ಶುರುವಾಗುತ್ತದೆ. ಅದೇ ಕೈ ಬೇರೆ ಕೆಲಸಗಳನ್ನು ಎಂದಿನಂತೆ ಮಾಡುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದುವ ಮುಂಚೆ ಕಣ್ಣಾರೆ ಕಂಡಿದ್ದೆ.

ರಾಣೆಬೆನ್ನೂರಿನಲ್ಲಿ ನನ್ನ ಜೊತೆ ಕನ್ನಡ ಕಲಿಸುತ್ತಿದ್ದ ಗೆಳತಿಯೊಬ್ಬಳಿದ್ದಳು. ಅವಳ ಅಕ್ಷರ ಮುತ್ತು ಪೋಣಿಸಿದಂತೆ. ಬಹುಮಾನದ ಪ್ರಶಸ್ತಿಪತ್ರ, ಗೋಡೆಯ ಸುವಿಚಾರ, ಬೀಳ್ಕೊಡುಗೆಯ ಮಾನಪತ್ರ ಎಲ್ಲಕ್ಕೂ ಅವಳದೇ ಕೈ. ನಲವತ್ತು ದಾಟಿದ ಮೇಲೆ ಅವಳ ಅಕ್ಷರ ಅಲುಗತೊಡಗಿತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿಯಬೇಕಾಯಿತು. ವಿಚಿತ್ರವೆಂದರೆ ರೊಟ್ಟಿ ಬಡಿಯಲು, ಸೂಜಿಗೆ ದಾರ ಪೋಣಿಸಲು, ಮಗಳ ಜಡೆ ಹಾಕಲು ಏನೂ ತೊಂದರೆಯಿಲ್ಲ. ಇದೇ ಅವಳಿಗೆ ಮುಳುವಾಯಿತು. "ಸೂಜಿ ಪೋಣಸಾಕ ಬರತೈತಿ, ಬೋರ್ಡಿನ ಮ್ಯಾಲ ಬರಿಯಾಕ ಬರೂದಿಲ್ಲೇನು?" ಎಂದು ಬೆನ್ನ ಹಿಂದೆ ಆಡಿಕೊಂಡರು. ಕೆಲಸಗಳ್ಳಿ ಎಂಬ ಮಾತೂ ಅವಳ ಕಿವಿಗೆ ಬಿತ್ತು. ಒಬ್ಬ ವೈದ್ಯರು ನರದೌರ್ಬಲ್ಯವೆಂದು ಶಕ್ತಿಯ ಚುಚ್ಚುಮದ್ದು ಕೊಟ್ಟರು. ಇನ್ನೊಬ್ಬರು ಚಿಂತೆ ಬಿಡಿ ಎಂದರು.

ಕೊನೆಗೆ ಹುಬ್ಬಳ್ಳಿಯ ನರರೋಗ ತಜ್ಞರೊಬ್ಬರ ಬಳಿ ಹೋದಾಗ ನಾನೂ ಜೊತೆಗಿದ್ದೆ. ಅವರು ಮಾತಿಗಿಂತ ಮೊದಲು ಕೆಲಸ ಹೇಳಿದರು. ಎರಡೂ ಕೈ ಮುಂದೆ ಚಾಚಿರಿ. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರುವಿರಿ. ಹಾಳೆಯ ಮೇಲೆ ಚಕ್ಕುಲಿಯಂತೆ ಸುರುಳಿ ಬರೆಯಿರಿ. ನಿಮ್ಮ ಹೆಸರು ಬರೆಯಿರಿ. ಆಮೇಲೆ ಮೆಲ್ಲಗೆ ಹೇಳಿದರು: "ಇದು ಅಂಜಿಕಿ ಅಲ್ರೀ ಅಕ್ಕೋರ, ಸೋಗೂ ಅಲ್ಲ. ಇದಕ್ಕ ಹೆಸರೈತಿ." ನನ್ನ ಗೆಳತಿ ಔಷಧದ ಮಾತು ಕೇಳಲಿಲ್ಲ. "ಆ ಹೆಸರೊಂದು ಚೀಟಿಯೊಳಗ ಬರದುಕೊಡ್ರಿ ಸರ್" ಎಂದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆ ಚೀಟಿ ಅವಳ ಮುಷ್ಟಿಯಲ್ಲೇ ಇತ್ತು.

ಗುಳಿಗೆಯಿಂದ ನಡುಕ ಅರ್ಧದಷ್ಟು ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಮುಂದಿನ ದಾರಿಯೆಂದರೆ ಮಿದುಳಿನ ಶಸ್ತ್ರಚಿಕಿತ್ಸೆ ಎಂದು ವೈದ್ಯರು ವಿವರಿಸಿದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅವಳ ಮೈದುನ ಕೇಳಿದ: "ಬರಿಯೂದೊಂದ ಆಗವಲ್ದು, ಅದಕ್ಕ ತಲಿ ಕೊರಸಬೇಕೇನ್ ವೈನಿ?" ಅವಳೆಂದಳು: "ಬರಿಯೂದೊಂದ ಅಂತೀಯಪ್ಪ, ನನಗ ಅದ ಅನ್ನ." ಆ ಶಸ್ತ್ರಚಿಕಿತ್ಸೆ ಎಂಥದು, ಎಲ್ಲಿಂದ ಬಂತು ಎಂದು ನಾನು ಹುಡುಕಿ ಓದತೊಡಗಿದ್ದು ಆಗಲೇ.

ಮಿದುಳಿನ ಆಳದ ಒಂದು ಬಿಂದುವನ್ನು ಅಳತೆಯಿಂದ ಮುಟ್ಟುವ ಉಪಕರಣವನ್ನು 1908ರಲ್ಲಿ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆಂದು ರೂಪಿಸಿದ್ದರು. ಅಂಥದನ್ನು ಮನುಷ್ಯರ ತಲೆಗೆ ಹೊಂದಿಸಿದವರು ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್, 1947ರಲ್ಲಿ. ಅದಕ್ಕೂ ಮುಂಚೆ ನಡುಕ ನಿಲ್ಲಿಸಲು ಚಲನೆಯ ನರಮಾರ್ಗವನ್ನೇ ಕತ್ತರಿಸುತ್ತಿದ್ದರು. ನಡುಕದ ಜೊತೆ ಕೈಯ ಶಕ್ತಿಯೂ ಹೋಗುತ್ತಿತ್ತು. 1952ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಸಣ್ಣದೊಂದು ರಕ್ತನಾಳ ಹರಿಯಿತು. ಅದನ್ನು ಕಟ್ಟಿ, ಮುಂದಿನ ಕೆಲಸ ಕೈಬಿಟ್ಟ. ರೋಗಿ ಎಚ್ಚರಗೊಂಡಾಗ ನಡುಕ ನಿಂತಿತ್ತು, ಶಕ್ತಿ ಉಳಿದಿತ್ತು! ಆಳದ ಚಿಕ್ಕದೊಂದು ಭಾಗವನ್ನು ಮಾತ್ರ ನಿಷ್ಕ್ರಿಯ ಮಾಡಿದರೆ ಸಾಕು ಎಂಬ ಅರಿವು ಇದರಿಂದ ಬಲವಾಯಿತು.

ಈ ವಿದ್ಯೆ ನಮ್ಮ ಕಡೆಗೂ ಬೇಗನೆ ಬಂತು. ಬೆಂಗಳೂರಿನಲ್ಲಿ ಡಾ. ಆರ್. ಎಂ. ವರ್ಮ ಪಾರ್ಕಿನ್‌ಸನ್ ರೋಗಕ್ಕೆ ತಮ್ಮದೇ ಶಸ್ತ್ರವಿಧಾನವೊಂದನ್ನು ರೂಪಿಸಿದರು. ತಲೆಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ರಂಧ್ರದ ಮೂಲಕ ಸೂಜಿ ಹಾಯಿಸುವ ವಿಧಾನವದು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ. ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ, ಡಾ. ವಿ. ಬಾಲಸುಬ್ರಹ್ಮಣ್ಯಂ ಅವರೊಂದಿಗೆ ಈ ಕೆಲಸದಲ್ಲಿ ತೊಡಗಿದ್ದವರು ಡಾ. ಟಿ. ಎಸ್. ಕನಕಾ. 1932ರಲ್ಲಿ ಹುಟ್ಟಿದ ಈಕೆ ಭಾರತದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕಿ. 1968ರಲ್ಲಿ ನರಶಸ್ತ್ರಚಿಕಿತ್ಸೆಯ ಪದವಿ ಪಡೆದರು. 1975ರಷ್ಟು ಹಿಂದೆಯೇ ಮಿದುಳಿನ ಆಳದಲ್ಲಿ ಎಲೆಕ್ಟ್ರೋಡ್ ಇಟ್ಟು ವಿದ್ಯುತ್ ಪ್ರಚೋದನೆ ನೀಡಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ನೂರಕ್ಕೂ ಹೆಚ್ಚು ಸಲ ರಕ್ತದಾನ ಮಾಡಿದ ಅವರು 2018ರಲ್ಲಿ ತೀರಿಕೊಂಡರು. ನಮ್ಮ ಶಾಲೆಗಳ ಗೋಡೆಗಳಲ್ಲಿ ಸಾಧಕಿಯರ ಪಟಗಳ ಸಾಲಿರುತ್ತದೆ; ಕನಕಾ ಅವರ ಪಟವನ್ನು ನಾನು ಎಲ್ಲಿಯೂ ಕಂಡಿಲ್ಲ.

ಈ ನಡುವೆ ಔಷಧದ ಕತೆಯೊಂದು ಬೇರೆಯೇ ನಡೆದಿತ್ತು. ಹೊಲದ ಬೇಲಿಯ ನಸಗುನ್ನಿ ಕಾಯಿ ಯಾರಿಗೆ ಗೊತ್ತಿಲ್ಲ? ಶಾಲೆಯ ಹುಡುಗರು ಒಬ್ಬರ ಮೈಗೆ ಒಬ್ಬರು ಸವರಿ ತುರಿಸುವಂತೆ ಮಾಡುವ ಆ ಕಾಯಿಯ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತುವಿದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ಮದರಾಸಿನಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಮೂವತ್ತು ವರ್ಷಗಳ ನಂತರ, 1967ರಲ್ಲಿ, ಅಮೆರಿಕದ ಕೊಟ್ಜಿಯಾಸ್ ಅದೇ ಡೋಪಾವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಪಾರ್ಕಿನ್‌ಸನ್ ರೋಗಿಗಳು ಎದ್ದು ನಡೆದಾಡುವಂತೆ ಮಾಡಿದ. ಗುಳಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಆದರೆ ಇಲ್ಲೂ ಹೆಸರಿನ ಮಾತು ಬರುತ್ತದೆ ನೋಡಿ. ಡೋಪಾ ಕೇಳುವುದು ಪಾರ್ಕಿನ್‌ಸನ್ನಿನ ಮಾತನ್ನು ಮಾತ್ರ. ದೊಡ್ಡವ್ವನಂಥವರ ನಡುಕಕ್ಕೆ, ನನ್ನ ಗೆಳತಿಯ ನಡುಕಕ್ಕೆ ಅದರಿಂದ ಪ್ರಯೋಜನವಿಲ್ಲ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. (ನಸಗುನ್ನಿ ಬೀಜವನ್ನು ಮನೆಯಲ್ಲೇ ಪುಡಿಮಾಡಿ ತಿನ್ನಲು ಯಾರೂ ಹೋಗಬಾರದು, ಪ್ರಮಾಣ ತಿಳಿಯದ ಮದ್ದು ವಿಷವೇ ಸರಿ.)

ದೊಡ್ಡ ತಿರುವು ಬಂದದ್ದು 1987ರಲ್ಲಿ, ಫ್ರಾನ್ಸಿನ ಗ್ರೆನೋಬಲ್ ಊರಿನಲ್ಲಿ. ಮಿದುಳಿನ ನಡುವೆ ಥಾಲಮಸ್ ಎಂಬ ಭಾಗವಿದೆ. ಹುಬ್ಬಳ್ಳಿ ಜಂಕ್ಷನ್ನಿನ ಹಾಗೆ, ಎಲ್ಲ ಕಡೆಯ ಸುದ್ದಿಯೂ ಅಲ್ಲಿ ಹಾಯ್ದು ಹೋಗಬೇಕು. ಅಲ್ಲಿನ ಒಂದು ಬಿಂದುವನ್ನು ಸುಡುವ ಮುನ್ನ ಜಾಗ ಸರಿಯಿದೆಯೇ ಎಂದು ಸಣ್ಣ ವಿದ್ಯುತ್ ಹರಿಸಿ ಪರೀಕ್ಷಿಸುವುದು ವಾಡಿಕೆ. ಅಲಿಮ್ ಲೂಯಿ ಬೆನಾಬಿಡ್ ಎಂಬ ಶಸ್ತ್ರವೈದ್ಯ ಹಾಗೆ ಪರೀಕ್ಷಿಸುತ್ತಿದ್ದಾಗ, ಸೆಕೆಂಡಿಗೆ ನೂರರಷ್ಟು ವೇಗದಲ್ಲಿ ಮಿಡಿತ ಕೊಟ್ಟರೆ ನಡುಕ ನಿಲ್ಲುವುದನ್ನು, ಮಿಡಿತ ನಿಲ್ಲಿಸಿದರೆ ಮರಳುವುದನ್ನು ಕಂಡ. ಹಾಗಾದರೆ ಸುಡುವುದೇಕೆ? ತಂತಿಯನ್ನು ಅಲ್ಲೇ ಉಳಿಸಿ ಮಿಡಿತ ಕೊಡುತ್ತಿದ್ದರಾಯಿತಲ್ಲ! ಇದೇ ಇಂದಿನ 'ಡೀಪ್ ಬ್ರೇನ್ ಸ್ಟಿಮ್ಯುಲೇಷನ್', ಮಿದುಳಿನ ಆಳದ ಪ್ರಚೋದನೆ. 1997ರಲ್ಲಿ ಅಮೆರಿಕ ಸರ್ಕಾರ ನಡುಕಕ್ಕೆ ಇದನ್ನು ಒಪ್ಪಿತು. 1990ರ ದಶಕ ಮುಗಿಯುವ ವೇಳೆಗೆ ಮುಂಬಯಿಯಲ್ಲಿ, ತಿರುವನಂತಪುರದಲ್ಲಿ ಇದು ಶುರುವಾಗಿತ್ತು. ಈಗ ಬೆಂಗಳೂರಿನಲ್ಲೂ ನಡೆಯುತ್ತದೆ.

ವಿದ್ಯುತ್ತು ನಡುಕವನ್ನು ಹೇಗೆ ನಿಲ್ಲಿಸುತ್ತದೆ? ನನಗೆ ತಿಳಿದದ್ದು ಹೀಗೆ. ತರಗತಿಯ ಮಕ್ಕಳೆಲ್ಲ ಒಂದೇ ತಾಳದಲ್ಲಿ ಮಗ್ಗಿ ಕೂಗತೊಡಗಿದರೆ ಬೇರೆ ಮಾತು ಯಾವುದೂ ಕೇಳುವುದಿಲ್ಲ. ಮಿದುಳಿನ ಕೆಲವು ಜೀವಕೋಶಗಳು ಹಾಗೆ ಒಂದೇ ಲಯಕ್ಕೆ ಬಿದ್ದಾಗ ಕೈಯೂ ಅದೇ ಲಯದಲ್ಲಿ ಅಲುಗುತ್ತದೆ. ಹೊರಗಿನ ವೇಗದ ಮಿಡಿತ ಆ ತಾಳವನ್ನು ಕೆಡಿಸುತ್ತದೆ.

ತಲೆಗೆ ಚೌಕಟ್ಟು ಕಟ್ಟಿ, ಎಂಆರ್‌ಐ ಚಿತ್ರದಿಂದ ಅಳತೆ ತೆಗೆದು, ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಸುಮಾರು 1.3 ಮಿಲಿಮೀಟರ್ ದಪ್ಪದ ತಂತಿಯನ್ನು ಇಳಿಸುತ್ತಾರೆ. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಬ್ಯಾಟರಿಯ ಪುಟ್ಟ ಡಬ್ಬಿ ಇಟ್ಟು ಎರಡನ್ನೂ ಒಳಗಿನಿಂದಲೇ ಜೋಡಿಸುತ್ತಾರೆ. ನನ್ನನ್ನು ಬೆರಗುಗೊಳಿಸಿದ್ದೆಂದರೆ, ತಂತಿ ಇಳಿಸುವಾಗ ಸಾಮಾನ್ಯವಾಗಿ ರೋಗಿ ಎಚ್ಚರವಾಗಿರಬೇಕು. ಮಿದುಳಿಗೆ ತನ್ನದೇ ನೋವಿನ ಅರಿವಿಲ್ಲ. "ಸುರುಳಿ ಬರೆಯಿರಿ, ಲೋಟ ಎತ್ತಿರಿ" ಎಂದು ವೈದ್ಯರು ಹೇಳುತ್ತಾರೆ. ಜಾಗ ಸರಿಯೋ ತಪ್ಪೋ ಎಂಬುದಕ್ಕೆ ರೋಗಿಯ ಕೈಯೇ ಸಾಕ್ಷಿ. 2017ರಲ್ಲಿ ಬೆಂಗಳೂರಿನಲ್ಲಿ ಗಿಟಾರ್ ವಾದಕರೊಬ್ಬರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಗಿಟಾರ್ ನುಡಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರದು ಗಿಟಾರ್ ಹಿಡಿದಾಗ ಮಾತ್ರ ಬೆರಳು ಸೆಟೆಯುವ ತೊಂದರೆ, ಅಂದರೆ ನನ್ನ ಗೆಳತಿಯ ನಡುಕದ ದಾಯಾದಿ. ಅಲ್ಲಿ ತಂತಿ ಇಡಲಿಲ್ಲ, ಹಳೆಯ ವಿಧಾನದಂತೆ ಆ ಬಿಂದುವನ್ನು ಸುಟ್ಟರು. ಬೆರಳು ಸಡಿಲಗೊಂಡದ್ದನ್ನು ಮೊದಲು ತಿಳಿದವರು ನುಡಿಸುತ್ತಿದ್ದ ಅವರೇ.

ಬರೆಯುವ ನಡುಕಕ್ಕೂ ಈ ಚಿಕಿತ್ಸೆ ನಡೆದಿದೆ. 1982ರಲ್ಲಿ ಜಪಾನಿನ ಓಯೆ ಮತ್ತು ಸಂಗಡಿಗರು ಥಾಲಮಸ್ಸಿನ ಬಿಂದುವನ್ನು ಸುಟ್ಟು ಗುಣ ಕಂಡ ವರದಿ ಪ್ರಕಟಿಸಿದರು. 2001ರಲ್ಲಿ ಅಮೆರಿಕದ ವೈದ್ಯರು ತಂತಿಯ ಪ್ರಚೋದನೆಯಿಂದ ಫಲ ಕಂಡದ್ದನ್ನು ಬರೆದರು. ಆದರೆ ರೋಗ ಅಪರೂಪವಾದ್ದರಿಂದ ಅನುಭವವೂ ಅಪರೂಪ. ಪಾರ್ಕಿನ್‌ಸನ್ನಿಗೆ, ಎಸೆನ್ಷಿಯಲ್ ಟ್ರೆಮರಿಗೆ ಇರುವಷ್ಟು ದೊಡ್ಡ ಲೆಕ್ಕ ಇದಕ್ಕಿಲ್ಲ. ಹುಬ್ಬಳ್ಳಿಯ ವೈದ್ಯರು ಇದನ್ನು ಮುಚ್ಚಿಡದೆ ಹೇಳಿದರು. ರಕ್ತಸ್ರಾವದ, ಸೋಂಕಿನ ಅಪಾಯ ಕಡಿಮೆಯಾದರೂ ಇದ್ದೇ ಇದೆ, ಮಾತು ತೊದಲಬಹುದು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು, ಮಿಡಿತದ ಪ್ರಮಾಣ ಹೊಂದಿಸಲು ಮತ್ತೆ ಮತ್ತೆ ಹೋಗಬೇಕು, ಖರ್ಚು ಹಲವು ಲಕ್ಷ. ಇದು ನಡುಕವನ್ನು ಹಿಡಿದಿಡುತ್ತದೆಯೇ ಹೊರತು ರೋಗದ ಬೇರನ್ನು ಕೀಳುವುದಿಲ್ಲ.

ನನ್ನ ಗೆಳತಿ ಒಂದು ತಿಂಗಳು ಯೋಚಿಸಿ "ಈಗ ಬ್ಯಾಡ" ಎಂದಳು. ಮೈದುನನ ಮಾತಿಗೆ ಸೋತು ಹಾಗೆ ಹೇಳಲಿಲ್ಲ, ಲಾಭ-ನಷ್ಟ ಎರಡನ್ನೂ ತೂಗಿ ಹೇಳಿದಳು. ಮಗಳು ಕಾಲೇಜಿನಲ್ಲಿದ್ದಳು, ನಡುಕವಿದ್ದದ್ದು ಒಂದೇ ಕೈಯಲ್ಲಿ, ಒಂದೇ ಕೆಲಸಕ್ಕೆ. ಅವಳು ಎಡಗೈಯಿಂದ ಬರೆಯಲು ಕಲಿತಳು. ಎರಡು ಗೆರೆಯ ಕಾಪಿ ಪುಸ್ತಕ ತಂದು ಅ, ಆ ತಿದ್ದಿದಳು. ಕೈ ಇನ್ನೂ ಕೆಟ್ಟರೆ ಬೆಂಗಳೂರಿಗೆ ಹೋಗುವುದೆಂದು ತೀರ್ಮಾನಿಸಿ ಆ ಚೀಟಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದಾಳೆ. ಬೇಡವೆನ್ನುವುದಕ್ಕೂ ತಿಳಿವಳಿಕೆ ಬೇಕು. ಏನೂ ತಿಳಿಯದೆ ಸುಮ್ಮನಿದ್ದ ದೊಡ್ಡವ್ವನೂ ತಿಳಿದು ಬೇಡವೆಂದ ಇವಳೂ ಹೊರಗಿನವರಿಗೆ ಒಂದೇ ಥರ ಕಾಣಬಹುದು. ಆದರೆ ಇವಳು ಎಂದೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. "ಎಡಗೈಲೆ ಯಾಕ ಬರೀತೀರಿ ಟೀಚರ್?" ಎಂದು ಕೇಳಿದ ಮಕ್ಕಳಿಗೆ ರೋಗದ ಹೆಸರು ಹೇಳಿದಳು.

ಓದುವ ಅಕ್ಕತಂಗಿಯರಲ್ಲಿ ಒಂದು ಮಾತು. ನಡುಕವೆಲ್ಲ ರೋಗವಲ್ಲ, ರೋಗವೆಲ್ಲ ಪಾರ್ಕಿನ್‌ಸನ್ ಅಲ್ಲ. ಥೈರಾಯಿಡ್ ಹೆಚ್ಚಾದರೂ, ಉಬ್ಬಸದ ಕೆಲವು ಔಷಧಗಳಿಂದಲೂ ಕೈ ನಡುಗುತ್ತದೆ. ಅವಕ್ಕೆ ಪರಿಹಾರ ಸುಲಭ. ಆದ್ದರಿಂದ ನಿಮ್ಮದೋ, ಅತ್ತೆಯದೋ, ನೆರೆಮನೆಯಾಕೆಯದೋ ಕೈ ನಡುಗಿದರೆ ಒಂದು ವಾರ ಸುಮ್ಮನೆ ಗಮನಿಸಿರಿ. ಸುಮ್ಮನಿದ್ದಾಗ ನಡುಗುತ್ತದೆಯೇ, ಕೆಲಸಕ್ಕೆ ಎತ್ತಿದಾಗಲೇ? ಒಂದು ಕೈಯೋ, ಎರಡೂ ಕೈಯೋ? ಯಾವ ಕೆಲಸಕ್ಕೆ ಹೆಚ್ಚು? ಮನೆತನದಲ್ಲಿ ಮತ್ತೆ ಯಾರಿಗೆ ಇತ್ತು? ಯಾವ ಗುಳಿಗೆ ನುಂಗುತ್ತಿದ್ದಾರೆ? ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ; ಆಕೆಯ ಕೈಯಿಂದಲೇ ಒಂದು ಸುರುಳಿಯನ್ನೂ ಬರೆಸಿರಿ. ತಜ್ಞರ ಬಳಿ ಹೋಗುವಾಗ ಆ ಹಾಳೆಯನ್ನು ಚೀಲದಲ್ಲಿ ಇಟ್ಟುಕೊಳ್ಳಿರಿ. ಬರುವಾಗ ನಡುಕದ ಹೆಸರನ್ನು ಅದೇ ಹಾಳೆಯ ಮೇಲೆ ಬರೆಸಿಕೊಂಡು ಬನ್ನಿರಿ.